ಉತ್ಸವದ ಬೇಲಿಗೆ ನಾನು ಬಿಟ್ಟ ಕಂಡಿ

ತಪ್ಪು ಮಾಡುವುದಕ್ಕೆ ಓದು ಬೇಕಾಗಿಲ್ಲ. ಒಪ್ಪಿಕೊಳ್ಳುವುದಕ್ಕೆ ಬೇಕೇನೋ ಎಂದು ಬಹಳ ದಿನ ಅಂದುಕೊಂಡಿದ್ದೆ, ಏಕೆಂದರೆ ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಓದಿದವರೂ ಈ ವಿಷಯದಲ್ಲಿ ನನ್ನಷ್ಟೇ ದಡ್ಡರು ಎಂದು ಈಗ ತಿಳಿದಿದೆ, ಆದರೆ ಅದರಿಂದ ಸಮಾಧಾನವೇನೂ ಆಗಿಲ್ಲ. ಹಾಲು ಉಕ್ಕಿಸಿದರೆ ತಪ್ಪನ್ನು ಒಲೆಯ ಮೇಲೆ ಹಾಕುವುದು, ಗಾಡಿ ಬೀಳಿಸಿದರೆ ರಸ್ತೆಯ ಮೇಲೆ ಹಾಕುವುದು ನನ್ನ ಪದ್ಧತಿ. ಒಲೆಗೂ ರಸ್ತೆಗೂ ಮಕ್ಕಳು ಮರಿ ಇಲ್ಲ, ಬೈಸಿಕೊಂಡು ಸುಮ್ಮನಿರುತ್ತವೆ. ಓಬಕ್ಕನಿಗೆ ಮಕ್ಕಳಿದ್ದರು.

ಓಬಕ್ಕ ನಮ್ಮ ಅಕ್ಕನ ಕೈಕೆಳಗೆ ಕಾವಲಿನ ಕೆಲಸಕ್ಕಿದ್ದವಳು. ಭಾವ ತೀರಿಕೊಂಡ ಮೇಲೆ ಅಕ್ಕ ಚಳ್ಳಕೆರೆಯಲ್ಲಿ ಸಭೆ ಸಮಾರಂಭಗಳಿಗೆ ಸೆಕ್ಯೂರಿಟಿಯವರನ್ನು ಕಳಿಸುವ ಒಂದು ಸಣ್ಣ ಏಜೆನ್ಸಿ ಕಟ್ಟಿಕೊಂಡಿದ್ದಾಳೆ. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸವೆಂದರೆ ಊರಾಚೆ ಬಯಲಿನಲ್ಲಿ ನಡೆದ ಮೂರು ದಿನದ ಹಾಡು ಕುಣಿತದ ಉತ್ಸವ. ಟಿಕೆಟ್ ಇದ್ದವರ ಕೈಗೆ ಹಳದಿ ಪಟ್ಟಿ ಕಟ್ಟಿ ಒಳಗೆ ಬಿಡಬೇಕು, ಪಟ್ಟಿ ಇಲ್ಲದವರನ್ನು ತಡೆಯಬೇಕು. ಮುಂಭಾಗಕ್ಕೆ ಕಬ್ಬಿಣದ ಬ್ಯಾರಿಕೇಡ್ ಬಂದವು, ಹಿಂಭಾಗಕ್ಕೆ ಸಾಲಲಿಲ್ಲ. "ಹಿಂದ್ಲ ಬೇಲಿ ನಿಂದು ನೋಡಪ್ಪ, ನನ್ ಮರ್ಯಾದಿ ನಿನ್ ಕೈಯಾಗೈತೆ" ಎಂದಳು ಅಕ್ಕ. ಮರ್ಯಾದೆಯನ್ನು ಎಂಥ ಕೈಯಲ್ಲಿ ಇಡುತ್ತಿದ್ದೇನೆಂದು ಅವಳು ಸ್ವಲ್ಪ ಯೋಚಿಸಬಹುದಿತ್ತು.

ನಾವು ಕುರಿ ಸಾಕಿದ ಮನೆಯವರು. ಜಾಲಿ ಮುಳ್ಳು ಕಡಿದು ಸುತ್ತಲೂ ಒಟ್ಟಿ ಕುರಿರೊಪ್ಪ ಹಾಕುವುದು ನನಗೆ ಅಆಇಈ ಕಲಿಯುವುದಕ್ಕಿಂತ ಮೊದಲೇ ಬಂದ ವಿದ್ಯೆ. ಕೋಳಿಮರಿಯೂ ನುಸುಳದಂಥ ಬೇಲಿ ಹಾಕಿದೆ. ಉತ್ಸವದ ಮ್ಯಾನೇಜರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಆ ಸುದ್ದಿಯನ್ನು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆದರೆ ರೊಪ್ಪ ಹಾಕುವ ನಮ್ಮ ಕಡೆಯವರಿಗೆ ಒಂದು ರೂಢಿ ಇದೆ. ಗಾಳಿ ತಾಗದ ಮೂಲೆಯಲ್ಲಿ ಒಂದು ಮುಳ್ಳಿನ ಕಂತೆಯನ್ನು ಗೂಟಕ್ಕೆ ಬಿಗಿಯದೆ ಸುಮ್ಮನೆ ಒರಗಿಸಿ ಬಿಡುತ್ತೇವೆ. ಅದು ಕಂಡಿ. ತೋಳ ಬಿದ್ದಾಗ ಬಾಗಿಲಿನವರೆಗೆ ಸುತ್ತಿ ಹೋಗುವಷ್ಟು ಹೊತ್ತಿರುವುದಿಲ್ಲ, ಕುರಿ ಕಾಯುವವನು ಕಂತೆ ಎಳೆದು ಒಳಗೆ ನುಗ್ಗಬೇಕು. ಉತ್ಸವದ ಬೇಲಿಯಲ್ಲೂ ನನ್ನ ಕೈ ತನ್ನ ಪಾಡಿಗೆ ತಾನು ಕಂಡಿ ಬಿಟ್ಟಿತ್ತು. ನನಗದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಸುತ್ತಲ ಹಳ್ಳಿಗಳ ಜನಕ್ಕೆ. ಅವರೂ ಕುರಿ ಸಾಕಿದವರೇ. ಬೇಲಿ ನೋಡಿದರು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿದರು, ನೆಟ್ಟಗೆ ಆ ಮೂಲೆಗೆ ನಡೆದು ಕಂತೆ ಎಳೆದು ಒಳಗೆ ಬಂದರು. ಮರ್ಯಾದಸ್ಥರು, ಬಂದವರು ಮತ್ತೆ ಮುಚ್ಚಿಯೂ ಹೋದರು.

ಎರಡನೆಯ ಸಂಜೆ ವೇದಿಕೆಯ ಮುಂದೆ ನೂಕುನುಗ್ಗಲಾಗಿ ಒಬ್ಬ ಹೆಂಗಸು ಕೆಳಗೆ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ನೋಡಿದರೆ ಒಳಗೆ ಅರ್ಧಕ್ಕರ್ಧ ಜನದ ಕೈಯಲ್ಲಿ ಪಟ್ಟಿಯೇ ಇಲ್ಲ. ಮ್ಯಾನೇಜರು ಅಕ್ಕನನ್ನು ಬೈದ. ಅಕ್ಕ ಕಾವಲಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹಿಂದಿನ ಬೇಲಿಗಿದ್ದ ಓಬಕ್ಕನನ್ನು ಬೈದಳು.

"ನಾನು ಯಾರ್ನೂ ಬಿಟ್ಟಿಲ್ಲ ಕಣಮ್ಮ" ಎಂದಳು ಓಬಕ್ಕ. "ಆ ತುದಿಗೆ ಹೋಗಿ ಈ ತುದಿಗೆ ಬರಾ ಹೊತ್ತಿಗೆ ಒಳಗೆ ಜನ ಇರ್ತಾರೆ. ಎಲ್ಲಿಂದ ಬಂದ್ರೋ ದೇವ್ರಿಗೇ ಗೊತ್ತು."

ಆ ಕ್ಷಣಕ್ಕೆ ನನಗೂ ಕಂಡಿಯ ವಿಷಯ ಹೊಳೆದಿತ್ತು. ಬಗ್ಗಿ, ಚಪ್ಪಲಿಗೆ ಚುಚ್ಚಿದ ಮುಳ್ಳನ್ನು ಕೀಳತೊಡಗಿದೆ. ಚಪ್ಪಲಿಯಲ್ಲಿ ಮುಳ್ಳಿರಲಿಲ್ಲ. ಓಬಕ್ಕ ತನ್ನ ಕಾವಲಿನ ಕೋಟು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಮನೆಗೆ ಹೋದಳು. ಅವಳು ಹೋದ ಮೇಲೆ ನಾನು ಯಾರಿಗೂ ಕಾಣದಂತೆ ಹೋಗಿ ಕಂತೆಯನ್ನು ಗೂಟಕ್ಕೆ ಬಿಗಿದು ಬಂದೆ. ಮೂರನೆಯ ದಿನ ಒಂದು ನರಪಿಳ್ಳೆಯೂ ಒಳಗೆ ನುಸುಳಲಿಲ್ಲ. "ನೋಡ್ದ್ರಾ, ಎಲ್ಲಾ ಆ ಓಬಕ್ಕಂದೇ ಕೆಲ್ಸ" ಎಂದು ಎಲ್ಲರೂ ಮಾತಾಡಿಕೊಂಡರು. ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೂ ಅವಳ ಮೇಲೆ ಸಾಕ್ಷಿ ಹೇಳಿತು.

ಒಂದು ವಾರ ಮುಳ್ಳಿನ ಮೇಲೆ ಮಲಗಿದಂತೆ ಕಳೆದು, ಕೊನೆಗೆ ಅಕ್ಕನ ಮುಂದೆ ನಿಂತೆ. ಅವಳು ಕೋಟುಗಳನ್ನು ಒಗೆದು ಹರವುತ್ತಿದ್ದಳು.

"ಅಕ್ಕ, ಆ ಬೇಲಿಯಾಗೆ..."

"ಕಂಡಿ ಇತ್ತು. ಗೊತ್ತೈತೆ."

"ಯಾವಾಗ ಗೊತ್ತಾತು?"

"ಮ್ಯಾನೇಜರು ಬೈಯಾವಾಗ್ಲೇ. ನಾನೇನು ಬ್ಯಾರೆ ಮನೆಯಾಗೆ ಹುಟ್ಟಿದೀನಾ?"

"ಮತ್ತೆ ಓಬಕ್ಕನ್ನ ಯಾಕೆ ಬೈದೆ?"

ಅಕ್ಕ ಕೋಟನ್ನು ಒಮ್ಮೆ ಜಾಡಿಸಿದಳು. "ನೀನು ಬಾಯಿ ಬಿಡ್ತೀಯ ಅಂತ ನೋಡ್ತಾ ನಿಂತಿದ್ದೆ. ನೀನು ಚಪ್ಪಲಿ ನೋಡ್ತಾ ನಿಂತಿದ್ದೆ. ಎಲ್ರ ಮುಂದೆ ತಮ್ಮನ್ ಹೆಸ್ರು ಹೇಳಾಕೆ ನಂಗೂ ನಾಲ್ಗೆ ಬರ್ಲಿಲ್ಲ."

ಓಬಕ್ಕನನ್ನು ಹುಡುಕಿಕೊಂಡು ಹೋದೆ. ಶೇಂಗಾ ಮಿಲ್ಲಿನಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ನನ್ ಕಿವಿಗೆ ಯಾಕೆ ಹೇಳ್ತೀಯಪ್ಪ? ನಾನು ಬಿಟ್ಟಿಲ್ಲ ಅನ್ನಾದು ನಂಗೆ ಮೊದ್ಲೇ ಗೊತ್ತಿತ್ತು. ಅವತ್ತು ಸಾಲಾಗಿ ನಿಂತಿದ್ರಲ್ಲ, ಅವರಿಗೆ ಹೇಳು. ಆಮ್ಯಾಕೆ ಕರಿ, ಬರ್ತೀನಿ."

ಮೊಳಕಾಲ್ಮುರಿನ ಬಯಲಿನಲ್ಲಿ ಸೀರೆಯವರ ದೊಡ್ಡ ಮೇಳ ಬಂತು. ಕಾವಲಿಗೆ ಉತ್ಸವದಲ್ಲಿದ್ದ ಅದೇ ಜನ, ಸಾಲೂ ಅದೇ. "ನಮ್ ತಮ್ಮ ಒಂದ್ ಮಾತು ಹೇಳ್ತಾನಂತೆ, ಕೇಳ್ರಿ" ಎಂದು ಅಕ್ಕ ಪಕ್ಕಕ್ಕೆ ಸರಿದಳು. ಎಲ್ಲರೂ ನನ್ನನ್ನೇ ನೋಡಿದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

"ಎಲ್ರುದೂ ಊಟ ಆತಾ?" ಎಂದೆ.

"ಆತಣ್ಣ" ಎಂದರು. ಗಡಿ ಕಡೆಯವನೊಬ್ಬ ತೆಲುಗಿನಲ್ಲೂ ಆಯಿತೆಂದ. ಅಕ್ಕ ನನ್ನ ಮುಖ ನೋಡದೆ ಸೀಟಿ ಊದಿದಳು. ಎಲ್ಲರೂ ತಮ್ಮ ತಮ್ಮ ಗೇಟಿಗೆ ಹೋದರು. ಹಿಂದಿನ ಬೇಲಿಗೆ ಜನ ಸಾಲದೆ ನನ್ನನ್ನೇ ನಿಲ್ಲಿಸಿದರು.

ಓಬಕ್ಕ ಇನ್ನೂ ಮಿಲ್ಲಿನಲ್ಲೇ ಇದ್ದಾಳೆ. ನಾನು ಮಾತ್ರ ಈಗ ಇಷ್ಟುದ್ದ, ಒಂದನ್ನೂ ಮುಚ್ಚಿಡದೆ ಬರೆದಿದ್ದೇನೆ. ಎಷ್ಟು ಸಲೀಸಾಗಿ ಬಂತು ನೋಡಿ. ಓದುತ್ತಿರುವ ನಿಮ್ಮಲ್ಲಿ ಆ ಸಾಲಿನಲ್ಲಿ ನಿಂತಿದ್ದವರು ಒಬ್ಬರೂ ಇಲ್ಲ.