ಘೋಷಣೆ ಕೂಗಿದ ಬಾತ್ಮೀದಾರ

ದೇವರು ಒಬ್ಬನೇ ಮನುಷ್ಯನಿಗೆ ದೊಡ್ಡ ಗಂಟಲನ್ನೂ ಬರೆಯುವ ಚಟವನ್ನೂ ಒಟ್ಟಿಗೆ ಕೊಡಬಾರದು. ಎರಡರಲ್ಲಿ ಒಂದಿದ್ದರೆ ಬದುಕು ಹೇಗೋ ಸಾಗುತ್ತದೆ. ಬರೀ ಗಂಟಲಿದ್ದವನು ಹರಾಜು ಕೂಗಿಯೋ, ಬಯಲಾಟದಲ್ಲಿ ರಾಕ್ಷಸನ ಪಾತ್ರ ಹಾಕಿಯೋ ನಾಲ್ಕು ಊರಲ್ಲಿ ಹೆಸರು ಮಾಡುತ್ತಾನೆ. ಬರೀ ಬರೆಯುವ ಚಟವಿದ್ದವನು ಮೂಲೆ ಹಿಡಿದು ಕೂತಿರುತ್ತಾನೆ, ಅವನಿಂದ ಯಾರಿಗೂ ಉಪದ್ರವವಿಲ್ಲ. ನನಗೆ ಎರಡೂ ಇದ್ದವು. ಗಂಟಲು ಹೊಲದಿಂದ ಬಂದದ್ದು. ಕೊಂಡಜ್ಜಿ ಊರಿನ ಕಡೆ ನಮಗೊಂದಿಷ್ಟು ಹೊಲವಿತ್ತು. ಜೋಳ ತೆನೆ ಕಟ್ಟಿದಾಗ ಅಟ್ಟಣೆ ಹತ್ತಿ ಹಕ್ಕಿ ಓಡಿಸುವ ಕೆಲಸ ನನ್ನದು. ಉಳಿದ ಹುಡುಗರು ಕವಣೆ ಬೀಸುತ್ತಿದ್ದರು. ನನಗೆ ಗುರಿ ಹಿಡಿಯಲು ಬಾರದು, ಆದ್ದರಿಂದ ಕೂಗುತ್ತಿದ್ದೆ. ನಾನು ಅಟ್ಟಣೆ ಹತ್ತಿದ ದಿನ ಪಕ್ಕದ ಹೊಲದವರು ತಮ್ಮ ಕಾವಲಿಗೆ ಬರುತ್ತಲೇ ಇರಲಿಲ್ಲ. ಬರೆಯುವ ಚಟ ಎಲ್ಲಿಂದ ಬಂತೋ ತಿಳಿಯದು. ನಮ್ಮ ವಂಶದಲ್ಲಿ ಯಾರಿಗೂ ಅದು ಇರಲಿಲ್ಲವೆಂದು ಅಪ್ಪ ಆಣೆ ಮಾಡಿ ಹೇಳುತ್ತಿದ್ದ.

ಈ ಎರಡನ್ನೂ ಹೊತ್ತುಕೊಂಡು ನಾನು ದಾವಣಗೆರೆಗೆ ಕಾಲೇಜು ಓದಲು ಬಂದೆ. ನಿಟ್ಟುವಳ್ಳಿಯಲ್ಲಿ ನೆಂಟರ ಮನೆಯ ಪಡಸಾಲೆಯಲ್ಲಿ ವಾಸ. ಆಗ ಅದಿನ್ನೂ ಹಳ್ಳಿಯೇ; ಬೆಳಿಗ್ಗೆ ಎಮ್ಮೆಗಳು ಕೆರೆಗೆ ಹೊರಡುವ ಹೊತ್ತಿಗೆ ನಾನು ಕಾಲೇಜಿಗೆ ಹೊರಡುತ್ತಿದ್ದೆ. ಓದು ಫ್ರೀಶಿಪ್ಪಿನಲ್ಲಿ ನಡೆದಿತ್ತು. ಅಂದರೆ ಕಾಲೇಜಿನವರು ಫೀ ಬಿಟ್ಟುಕೊಟ್ಟಿದ್ದರು, ಪ್ರಿನ್ಸಿಪಾಲರು ಯಾವತ್ತು ಮನಸ್ಸು ಮಾಡಿದರೂ ಅದನ್ನು ವಾಪಸು ತೆಗೆದುಕೊಳ್ಳಬಹುದಿತ್ತು. ಹಾಗೇನಾದರೂ ಆದರೆ ನಾನು ಮತ್ತೆ ಅಟ್ಟಣೆ ಹತ್ತುವುದೇ. ಕಾಲೇಜಿನ ಗೋಡೆ ಪತ್ರಿಕೆಗೆ ನಾನೇ ಸಂಪಾದಕ. ಅದು ಸಾಲದೆಂದು ಮಂಡಿಪೇಟೆಯ ಒಂದು ವಾರಪತ್ರಿಕೆಗೆ ಬಾತ್ಮೀದಾರನೂ ಆಗಿದ್ದೆ.

ಆ ವಾರಪತ್ರಿಕೆಯ ವಿಚಾರ ಸ್ವಲ್ಪ ಹೇಳಬೇಕು. ಹತ್ತಿ ಮಂಡಿಗಳ ನಡುವೆ ಒಂದು ಸಣ್ಣ ಅಚ್ಚುಕೂಟ. ಅದರ ಯಜಮಾನರೂ ಸಂಪಾದಕರೂ ಚನ್ನಬಸಪ್ಪನವರು. ಪತ್ರಿಕೆ ಶುಕ್ರವಾರ ಬೆಳಿಗ್ಗೆ ಹೊರಬೀಳುತ್ತಿತ್ತು, ಬುಧವಾರವೇ ಅಚ್ಚಿನ ಮೊಳೆ ಜೋಡಿಸಬೇಕು. ಹಾಗಾದರೆ ಗುರುವಾರ, ಶುಕ್ರವಾರದ ಸುದ್ದಿಯ ಗತಿಯೇನು? ಮುಂದಿನ ವಾರಕ್ಕೆ ಅದು ಹಳಸಿಹೋಗುತ್ತದೆ. ಚನ್ನಬಸಪ್ಪನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ನಾಳೆ, ನಾಡಿದ್ದು ನಡೆಯುವ ಸಮಾರಂಭಗಳನ್ನು ನಡೆದುಹೋದವೆಂದೇ ಬರೆದುಬಿಡುವುದು. ಮದುವೆ, ವಾರ್ಷಿಕೋತ್ಸವಗಳ ಆಮಂತ್ರಣ ಪತ್ರಿಕೆ ಅಚ್ಚಾಗುತ್ತಿದ್ದುದೂ ಅವರ ಬಳಿಯೇ. ಜೋಡಿಸಿದ ಮೊಳೆಗಳು ಹಾಗೇ ಇರುತ್ತಿದ್ದವು. ಅಲ್ಲಲ್ಲಿ ನಾಲ್ಕು ಮೊಳೆ ಕಿತ್ತು ಬದಲಿಸಿದರೆ ಸುದ್ದಿ ಸಿದ್ಧ. ಊರವರಿಗೆಲ್ಲ ಇದು ಗೊತ್ತಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅಧ್ಯಕ್ಷರು ಮಾರ್ಮಿಕವಾಗಿ ಮಾತನಾಡಿದರೆಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿಕೊಂಡು ಸಂಜೆ ಮಾತನಾಡಲು ಹೋದ ಅಧ್ಯಕ್ಷರು ಎಷ್ಟೋ ಮಂದಿ. ಮಳೆ, ಹೆರಿಗೆ, ಚುನಾವಣೆ, ಈ ಮೂರನ್ನು ಮಾತ್ರ ಮುಂಚಿತವಾಗಿ ಬರೆಯಬಾರದೆಂದು ಚನ್ನಬಸಪ್ಪನವರು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಅದು ಏಕೀಕರಣದ ಕಾಲ. ಹರಿಹರದ ಸೇತುವೆಯ ಈ ಕಡೆ ಮೈಸೂರು ರಾಜ್ಯ, ಆ ಕಡೆ ಮುಂಬಯಿ ರಾಜ್ಯ. ನಮ್ಮ ಸೋದರತ್ತೆಯನ್ನು ಹೊಳೆಯಾಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಹಬ್ಬಕ್ಕೆ ಕರೆಯಲು ಹೊರಟಾಗಲೆಲ್ಲ ಅಪ್ಪ, "ಬೊಂಬಾಯಿಗೆ ಹೋಗಿ ಬರ್ತೀನಿ, ಸಂಜಿಗೆ ರೊಟ್ಟಿ ಇಟ್ಟಿರ್ರಿ" ಎನ್ನುತ್ತಿದ್ದ. ನಮಗದು ತಮಾಷೆ. ಅತ್ತೆಗೆ ತಮಾಷೆಯಾಗಿರಲಿಲ್ಲ. ತವರಿಗೆ ಬರಲು ರಾಜ್ಯ ದಾಟಬೇಕೆಂದು ಅವಳು ಬಂದಾಗಲೊಮ್ಮೆ ಕಣ್ಣೀರು ಹಾಕುತ್ತಿದ್ದಳು. ಆದ್ದರಿಂದ ಕಾಲೇಜಿನ ಹುಡುಗರು ಒಂದು ಶುಕ್ರವಾರ ಮಂಡಿಪೇಟೆಯ ಮೇಲೆ ಹಾದು, ರೈಲಿನಲ್ಲಿ ಹರಿಹರಕ್ಕೆ ಹೋಗಿ, ಸೇತುವೆಯವರೆಗೆ ಮೆರವಣಿಗೆ ಹೋಗಬೇಕೆಂದು ಗೊತ್ತುಮಾಡಿದಾಗ ನನಗೆ ಮೈಯೆಲ್ಲ ಬಿಸಿಯಾಯಿತು. ಘೋಷಣೆ ಕೂಗಿಸಲು ಯಾರು ಎಂಬ ಪ್ರಶ್ನೆ ಬಂದಾಗ ಯಾರೂ ಯೋಚಿಸಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದರು.

ಮರುದಿನವೇ ಪ್ರಿನ್ಸಿಪಾಲರಿಂದ ಕರೆ ಬಂತು. ಅವರು ಮೈಸೂರಿನ ಕಡೆಯವರು, ಪೇಟ, ಕರಿ ಕೋಟು, ಎತ್ತರದ ದನಿಯಲ್ಲಿ ಎಂದೂ ಮಾತನಾಡಿದವರಲ್ಲ. ಒಳ್ಳೆಯವರೇ. ಆದರೆ ಸರ್ಕಾರದ ಮನಸ್ಸೇನೆಂದು ತಿಳಿಯುವ ಮೊದಲು ಕಾಲೇಜು ಬಾಯಿ ಬಿಡಬಾರದೆಂಬುದು ಅವರ ಮತ.

"ನೀನು ಪತ್ರಿಕೆಯವನಪ್ಪ. ಪತ್ರಿಕೆಯವನಿಗೆ ಪಕ್ಷ ಇರಕೂಡದು," ಎಂದರು. "ಬೇಕಾದರೆ ಹೋಗು. ರಸ್ತೆಯ ಬದಿಯಲ್ಲಿ ನಿಂತು ನೋಡು, ಬರಿ. ಕೂಗಿದರೆ ಮಾತ್ರ ಗೋಡೆ ಪತ್ರಿಕೆಯೂ ಇಲ್ಲ, ಫ್ರೀಶಿಪ್ಪೂ ಇಲ್ಲ."

"ವಿದ್ಯಾರ್ಥಿಯಾಗಿ ಕೂಗಿ, ಪತ್ರಕರ್ತನಾಗಿ ಬರೆಯುತ್ತೇನೆ ಸಾರ್," ಎಂದೆ.

"ಇರುವುದು ಒಂದೇ ಫ್ರೀಶಿಪ್ಪು," ಎಂದರು ಪ್ರಿನ್ಸಿಪಾಲರು.

ನ್ಯಾಯ ಕೇಳಲು ನಾನು ನೇರವಾಗಿ ಅಚ್ಚುಕೂಟಕ್ಕೆ ಹೋದೆ. ಚನ್ನಬಸಪ್ಪನವರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಪತ್ರಿಕೆಯವರು ನನ್ನ ಪರವಾಗಿ ನಿಲ್ಲುತ್ತಾರೆಂದು ನನಗೆ ದೊಡ್ಡ ಭರವಸೆ. ಅವರು ಎಲ್ಲವನ್ನೂ ಕೇಳಿ, ಮೆಣಸಿನಕಾಯಿ ಪೂರ್ತಿ ಮುಗಿಸಿ, "ನೋಡು ತಮ್ಮಾ, ಮದಿವಿ ಸುದ್ದಿ ಬರೆಯೋನು ಊಟ ಮಾಡಬೋದು. ಮದಿಮಗ ಆಗಬಾರದು," ಎಂದರು.

"ಯಾಕ್ರಿ?"

"ಮದಿಮಗಗ ಹುಡುಗಿ ಬಿಟ್ರ ಬ್ಯಾರೆ ಏನು ಕಾಣತೈತೆ? ಎಷ್ಟು ಪಂಕ್ತಿ ಎದ್ವು, ಸಾರು ಹಳಸಿತ್ತೋ ಇಲ್ಲೋ, ಅಂವ ಏನು ಬರದಾನು?"

"ಮದಿಮಗನಿಗಿಂತ ಮದಿವಿ ಬಗ್ಗೆ ಗೊತ್ತಿರೋರು ಯಾರದಾರ್ರಿ?" ಎಂದೆ.

"ನಂದು ಮದಿವ್ಯಾಗಿ ಮೂವತ್ತು ವರ್ಷ ಆತು. ನನಗಿನ್ನೂ ಏನೂ ಗೊತ್ತಾಗಿಲ್ಲ," ಎಂದರು ಚನ್ನಬಸಪ್ಪನವರು.

ಒಬ್ಬರು ಮೈಸೂರಿನ ಪೇಟ, ಇನ್ನೊಬ್ಬರು ಮಂಡಿಪೇಟೆಯ ಟೋಪಿ. ಇಬ್ಬರೂ ಸೇರಿ ನನ್ನ ಬಾಯಿಗೆ ಬಟ್ಟೆ ತುರುಕಿದರು. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಹತ್ತಿ ವ್ಯಾಪಾರ ಮಾಡುವವನು ಹತ್ತಿಯ ಧಾರಣೆ ಬರೆದು ಕಳಿಸಬಹುದು, ನಾಟಕ ಆಡಿಸಿದವನೇ ಅದರ ವಿಮರ್ಶೆ ಬರೆಯಬಹುದು, ಸತ್ಯನಾರಾಯಣ ಪೂಜೆ ಮಾಡಿಸಿದವನೇ ‘ಭಕ್ತಾದಿಗಳು ಪುನೀತರಾದರು’ ಎಂದು ಬರೆದು ತರಬಹುದು. ಕನ್ನಡದವರು ಒಂದಾಗಲಿ ಎಂದು ಕೂಗಿದ ಹುಡುಗ ಮಾತ್ರ ಅದನ್ನು ಬರೆಯಬಾರದು. ಎಷ್ಟು ಸಿಟ್ಟಾದರೂ ಫ್ರೀಶಿಪ್ಪು ಫ್ರೀಶಿಪ್ಪೇ. ಕೊನೆಗೆ, ಮೆರವಣಿಗೆಯ ಜೊತೆ ಹೋಗುವುದು, ಬಾಯಿ ಮಾತ್ರ ಬಿಡದಿರುವುದು ಎಂದು ತೀರ್ಮಾನಿಸಿದೆ. ಕೂಗಿಸುವ ಕೆಲಸವನ್ನು ನನ್ನ ಗೆಳೆಯ ಹಾಲೇಶ ವಹಿಸಿಕೊಂಡ. ಬುಧವಾರ ಪದ್ಧತಿಯಂತೆ ಶುಕ್ರವಾರದ ಮೆರವಣಿಗೆಯ ವರದಿ ಬರೆದುಕೊಟ್ಟೆ. ವಿದ್ಯಾರ್ಥಿಗಳ ಘೋಷಣೆ ಮುಗಿಲು ಮುಟ್ಟಿತು, ಹೊಳೆಯ ಎರಡೂ ದಂಡೆ ಮರುದನಿಗೊಟ್ಟವು, ಇತ್ಯಾದಿ. ಯಾರ ಹೆಸರನ್ನೂ ಹಾಕಲಿಲ್ಲ. ನಿಷ್ಪಕ್ಷಪಾತವೆಂದರೆ ಹೀಗಿರಬೇಕೆಂದು ನನಗೇ ಅನ್ನಿಸಿತು.

ಶುಕ್ರವಾರ ಹಾಲೇಶ ಕಾಲೇಜಿನ ಗೇಟಿನಿಂದಲೇ ಪ್ರಾಣ ಕೊಟ್ಟು ಕೂಗಲು ಶುರು ಮಾಡಿದ. ಗಂಟಲನ್ನು ಉಳಿಸಿಕೊಂಡು ಖರ್ಚು ಮಾಡಬೇಕೆಂಬುದು ಹಕ್ಕಿ ಓಡಿಸಿದವರಿಗಷ್ಟೇ ಗೊತ್ತು. ಮಂಡಿಪೇಟೆ ದಾಟುವಷ್ಟರಲ್ಲಿ ಅವನ ದನಿ ಒಡೆಯಿತು, ಸ್ಟೇಷನ್ನಿಗೆ ಬರುವಷ್ಟರಲ್ಲಿ ಬರೀ ಗಾಳಿ ಬರುತ್ತಿತ್ತು. ರೈಲಿನಲ್ಲಿ ಅವನು ಮಾತಿಲ್ಲದೆ ನನ್ನ ಕೈಗೆ ಆ ದಿನದ ಪತ್ರಿಕೆ ಕೊಟ್ಟು, ವರದಿಯ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದ. ಅಲ್ಲಿ ನನ್ನ ಹೆಸರಿತ್ತು. ನಾನು ಘೋಷಣೆಗಳನ್ನು ಸಿಂಹಕಂಠದಿಂದ ಕೂಗಿಸಿದೆನೆಂದು ಅಚ್ಚಾಗಿತ್ತು. ಹೆಸರುಗಳಿಲ್ಲದ ಸುದ್ದಿ ಯಾರೂ ಕೊಳ್ಳುವುದಿಲ್ಲವೆಂದು ನಂಬಿದ್ದ ಚನ್ನಬಸಪ್ಪನವರು ಅಭ್ಯಾಸಬಲದಿಂದ ಸೇರಿಸಿದ್ದರು. ತನ್ನ ಹೆಸರು ಅಚ್ಚಾದ ಕಾಗದದಲ್ಲಿ ಮನುಷ್ಯ ಬೇರೇನನ್ನೂ ಓದುವುದಿಲ್ಲ. ನಾನೂ ಓದಲಿಲ್ಲ. ಆ ಒಂದು ಸಾಲನ್ನೇ ಹರಿಹರ ಬರುವವರೆಗೆ ಓದಿದೆ.

ಹರಿಹರದಲ್ಲಿ ಇಳಿದು ನಡೆಯತೊಡಗಿದಾಗ ಮೆರವಣಿಗೆ ಶವಯಾತ್ರೆಯಂತಿತ್ತು. ಹಾಲೇಶ ಕೈ ಎತ್ತುತ್ತಿದ್ದ, ದನಿ ಬರುತ್ತಿರಲಿಲ್ಲ. ಏನನ್ನು ಕೂಗಬೇಕೆಂದು ತಿಳಿಯದೆ ಹುಡುಗರೂ ಸುಮ್ಮನಿದ್ದರು. ಅಂಗಡಿಯವರು ಎದ್ದು ನಿಂತು, ಯಾರು ತೀರಿಕೊಂಡರೆಂದು ಮೆಲ್ಲಗೆ ಕೇಳುತ್ತಿದ್ದರು. ಸೇತುವೆಯ ಬಾಯಲ್ಲಿ ಅಪ್ಪ ನಿಂತಿದ್ದ, ಮಗ ಕೂಗುವುದನ್ನು ಕೇಳಲೆಂದೇ ಗಾಡಿ ಕಟ್ಟಿಕೊಂಡು ಬಂದಿದ್ದ. ಆಚೆ ತುದಿಯಲ್ಲಿ ಜನ ಸೇರಿದ್ದು ಸಣ್ಣದಾಗಿ ಕಾಣುತ್ತಿತ್ತು.

"ಯಾಕಲೇ, ಬಾಯಿಗೆ ಬೀಗ ಹಾಕ್ಕಂಡು ಬಂದೀಯೇನು?" ಎಂದ ಅಪ್ಪ. "ನಿಮ್ಮತ್ತಿ ಆ ದಂಡಿಗೆ ಬಂದು ನಿಂತಾಳ. ನಿನ್ನ ದನಿ ಕೇಳಬೇಕಂತ ಹೇಳಿ ಕಳಿಸಿದ್ಲು."

"ಅಪ್ಪ, ಕೂಗಿದ್ರ ಫ್ರೀಶಿಪ್ಪು ಹೋಗತೈತೆ," ಎಂದೆ.

ಅಪ್ಪ ಎತ್ತಿನ ಕೊರಳು ಸವರಿದ. ಮಗನ ಓದು ಅವನಿಗೂ ಸಣ್ಣ ವಿಷಯವಾಗಿರಲಿಲ್ಲ. ಕೊನೆಗೆ, "ಹಂಗಾರ ಮೆಲ್ಲಕ ಕೂಗು," ಎಂದ.

ನನಗೆ ಮೆಲ್ಲಗೆ ಕೂಗಲು ಬಾರದು. ಅಷ್ಟೇ ಅಲ್ಲ, ನಾನು ಕೂಗಿದೆನೆಂದು ಪತ್ರಿಕೆಯಲ್ಲಿ ಆಗಲೇ ಬಂದಾಗಿತ್ತು. ಕೂಗದಿದ್ದರೆ ಪತ್ರಿಕೆ ಸುಳ್ಳಾಗುತ್ತದೆ. ಪತ್ರಿಕೆಯನ್ನು ಸುಳ್ಳು ಮಾಡಿದ ಬಾತ್ಮೀದಾರ ಎಂಥ ನಿಷ್ಪಕ್ಷಪಾತಿ? ಹೀಗೆಲ್ಲ ನಾನು ವಾದ ಜೋಡಿಸಿದ್ದು ಆಮೇಲೆ. ಆ ಹೊತ್ತಿಗೆ ನನಗೆ ಕಂಡದ್ದು ಆಚೆ ದಂಡೆಯ ಆ ಸಣ್ಣ ಗುಂಪು ಮಾತ್ರ. ಅದರಲ್ಲಿ ಅತ್ತೆ ಇದ್ದಳು. "ಕನ್ನಡ ನಾಡು!" ಎಂದು ಕೂಗಿದೆ. ಅಪ್ಪನ ಎತ್ತುಗಳು ಬೆದರಿ ಗಾಡಿಯನ್ನು ಮಾರು ದೂರ ಎಳೆದವು. "ಒಂದಾಗಲಿ!" ಎಂದು ಹಿಂದಿನಿಂದ ಹುಡುಗರು ಕೂಗಿದರು. ಸ್ವಲ್ಪ ತಡೆದು ಹೊಳೆಯಾಚೆಯಿಂದಲೂ ಅದೇ ಬಂತು. ಬುಧವಾರ ನಾನು ಬರೆದಿದ್ದ ಮರುದನಿ ಅದು. ಅಂಥ ಸಂತೋಷ ನನಗೆ ಆಮೇಲೆ ಎಂದೂ ಆಗಲಿಲ್ಲ. ಹೊತ್ತು ಇಳಿಯುವವರೆಗೆ ಕೂಗಿದೆ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತಾಗ ನನ್ನ ಗಂಟಲಿನಿಂದ ಒಂದಕ್ಷರವೂ ಹೊರಡುತ್ತಿರಲಿಲ್ಲ. ಮೇಜಿನ ಮೇಲೆ ಪತ್ರಿಕೆ ಇತ್ತು, ಯಾರೋ ನನ್ನ ಹೆಸರಿದ್ದ ಕೊನೆಯ ಸಾಲಿಗೆ ಮಾತ್ರ ಕೆಂಪು ಗೆರೆ ಎಳೆದು ತಂದುಕೊಟ್ಟಿದ್ದರು.

"ಇದರಲ್ಲಿ ಬಂದದ್ದು ನಿಜವೋ?" ಎಂದರು.

ನಾನು ಬಾಯಿ ತೆರೆದೆ. ಹಾಲೇಶನಿಗೆ ಬಂದಂತೆ ಬರೀ ಗಾಳಿ ಬಂತು. ಪ್ರಿನ್ಸಿಪಾಲರು ಒಂದು ಬಿಳಿ ಕಾಗದ ಮುಂದೆ ತಳ್ಳಿ, "ಬರೆದುಕೊಡು," ಎಂದರು.

ನಿಜವಲ್ಲವೆಂದು ಬರೆಯಬಹುದಿತ್ತು. ಪತ್ರಿಕೆಯ ಪದ್ಧತಿ ಊರಿಗೇ ಗೊತ್ತಿದ್ದದ್ದು, ಪ್ರಿನ್ಸಿಪಾಲರು ನಂಬಿಯೂ ನಂಬುತ್ತಿದ್ದರು. ಆದರೆ ಹೊಳೆಯಾಚೆಯಿಂದ ಬಂದ ಆ ದನಿಯನ್ನು ಕೇಳಿಯೇ ಇಲ್ಲವೆಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ಹೋದರೆ ಫ್ರೀಶಿಪ್ಪು ಹೋಗಲಿ ಎಂದುಕೊಂಡು, ‘ಪತ್ರಿಕೆಯಲ್ಲಿ ಬಂದದ್ದೆಲ್ಲ ನಿಜ’ ಎಂದು ಬರೆದು ಸಹಿ ಹಾಕಿದೆ.

ಪ್ರಿನ್ಸಿಪಾಲರು ಅದನ್ನು ಓದಿದರು. ಪತ್ರಿಕೆಯನ್ನು ಓದಿದರು. ಮತ್ತೆ ನನ್ನ ಕಾಗದವನ್ನು ಓದಿದರು. ಅಷ್ಟು ಓದುವುದು ಅದರಲ್ಲೇನಿದೆಯೆಂದು ನಾನೂ ಪತ್ರಿಕೆಯತ್ತ ಬಗ್ಗಿ ನೋಡಿದೆ. ನನ್ನ ವರದಿಯ ಮೊದಲ ಸಾಲು ನಾನು ಬರೆದದ್ದಾಗಿರಲಿಲ್ಲ. ಕಾಲೇಜಿನ ಯಾವ ಸಮಾರಂಭದ ಸುದ್ದಿಗೂ ಚನ್ನಬಸಪ್ಪನವರು ಒಂದೇ ಮೊದಲ ಸಾಲು ಜೋಡಿಸುತ್ತಿದ್ದರು, ಆ ಮೊಳೆಗಳನ್ನು ಬಿಚ್ಚುತ್ತಲೇ ಇರಲಿಲ್ಲ. ಅದರ ಪ್ರಕಾರ, ಮಾನ್ಯ ಪ್ರಿನ್ಸಿಪಾಲರು ತಮ್ಮ ಎಲ್ಲ ಡಿಗ್ರಿಗಳೊಂದಿಗೆ ಮೆರವಣಿಗೆಗೆ ಶುಭ ಕೋರಿ ಬೀಳ್ಕೊಟ್ಟಿದ್ದರು. ನಾನು ಕೂಗಿದ್ದಕ್ಕೆ ಪತ್ರಿಕೆಯೇ ಸಾಕ್ಷಿಯಾದರೆ ಅವರು ಬೀಳ್ಕೊಟ್ಟದ್ದಕ್ಕೂ ಅದೇ ಸಾಕ್ಷಿ. ಅದರ ಮೇಲೆ ನನ್ನ ಸಹಿ ಬೇರೆ.

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗಿಟ್ಟುಕೊಂಡರು. "ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಹೋಗು," ಎಂದರು.

ಮುಂದೆ ರಾಜ್ಯ ಒಂದಾಯಿತು. ಅತ್ತೆ ರಾಜ್ಯ ದಾಟದೆ ತವರಿಗೆ ಬಂದು, ಹಳೆಯ ಅಭ್ಯಾಸಕ್ಕೆ ಒಂದಿಷ್ಟು ಅತ್ತು ಹೋದಳು. ಪ್ರಿನ್ಸಿಪಾಲರ ಕೋಣೆಯಲ್ಲಿ ಆ ಪತ್ರಿಕೆಯ ತುಂಡು ಗಾಜು ಹಾಕಿಸಿಕೊಂಡು ಗೋಡೆ ಏರಿತ್ತು. ಬಂದವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು. ಅವರ ಹೆಸರು ಮೇಲೆ ಎದ್ದು ಕಾಣುತ್ತಿತ್ತು. ನನ್ನದು ಕೊನೆಯ ಸಾಲು, ಕಟ್ಟಿನ ಮರದ ಪಟ್ಟಿ ಅದರ ಮೇಲೆ ಕೂತುಬಿಟ್ಟಿತ್ತು. ಒಂದು ದಿನ ನನ್ನನ್ನು ಕರೆಸಿ, "ಏಕೀಕರಣಕ್ಕೆ ನಮ್ಮ ಕಾಲೇಜು ಮಾಡಿದ ಸೇವೆಯ ಬಗ್ಗೆ ವಾರ್ಷಿಕ ಸಂಚಿಕೆಗೆ ಲೇಖನ ಬೇಕಪ್ಪ. ನಾನು ನಿಮ್ಮನ್ನೆಲ್ಲ ಹರಸಿ ಕಳಿಸಿದ್ದನ್ನು ಕಣ್ಣಾರೆ ಕಂಡವನು ನೀನು. ಯಾರ ಮುಲಾಜೂ ಇಲ್ಲದೆ ಬರಿ, ಪತ್ರಿಕೆಯವನಿಗೆ ಆ ಸ್ವಾತಂತ್ರ್ಯ ಇದೆ," ಎಂದರು.

ನನ್ನ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು, ಫ್ರೀಶಿಪ್ಪು ಆ ವರ್ಷಕ್ಕೂ ಬೇಕಾಗಿತ್ತು. ಬರೆದೆ. ಚೆನ್ನಾಗಿಯೇ ಬಂದಿತ್ತು.