ಕುಡಿ ಮುರಿಯುವ ಕೈ

ಮನುಷ್ಯನ ತಲೆಯನ್ನು ತಿದ್ದಬಹುದು, ಕೈಯನ್ನು ತಿದ್ದುವುದು ಕಷ್ಟ. ತಲೆಗೆ ಬೇಡ ಎಂದರೆ ಹೂಂ ಎನ್ನುತ್ತದೆ. ವರ್ಷಾನುಗಟ್ಟಲೆ ಹೊಗೆಸೊಪ್ಪು ಬೆಳೆದ ಕೈ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ನಮ್ಮ ಹುಣಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಹೊಗೆಸೊಪ್ಪಿನ ಗಿಡ ಮೊಗ್ಗು ತೋರಿಸಿದ ಕೂಡಲೇ ಕುಡಿ ಮುರಿದು ಹಾಕಬೇಕು. ಹೂವಿಗೆ ಬಿಟ್ಟರೆ ಸತ್ವವೆಲ್ಲ ಅಲ್ಲಿಗೇ ಹೋಗಿ ಎಲೆ ತೆಳ್ಳಗಾಗುತ್ತದೆ.

ಇದನ್ನು ಕಲಿಸಿದವರು ನಮ್ಮಪ್ಪ. ಸಾಲಿನೊಳಗೆ ನನ್ನನ್ನು ಮುಂದೆ ಬಿಟ್ಟು, ‘ಊವ ನೋಡ್ಕಂಡು ನಿಂತ್ಕಬ್ಯಾಡ ಕಣ್ಲಾ, ಕೈಯಾಡ್ಸು’ ಎನ್ನುತ್ತ ಹಿಂದೆ ಬರುತ್ತಿದ್ದರು. ಸಂಜೆಗೆ ಬೆರಳೆಲ್ಲ ಕರಿ ಅಂಟು. ಎಷ್ಟು ತಿಕ್ಕಿದರೂ ಮುದ್ದೆ ಕಹಿ. ಆ ಕಹಿ ಮುದ್ದೆ ನೆನೆದರೆ ಈಗ ಬಾಯಲ್ಲಿ ನೀರೂರುತ್ತದೆ. ಅಪ್ಪ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರಲ್ಲ, ಅದಕ್ಕಿರಬೇಕು. ನನ್ನ ಹೆಂಡತಿ ಜಯಮ್ಮ ಭೇರ್ಯದ ಕಡೆಯವಳು. ಅವರದು ಭತ್ತ, ಕಬ್ಬು. ಮದುವೆಯಾಗಿ ಬಂದ ಹೊಸದರಲ್ಲಿ ಸಾಲಿನಲ್ಲಿ ಮುರಿದು ಬಿದ್ದ ಮೊಗ್ಗುಗಳನ್ನು ನೋಡಿ, ‘ಮಾವ, ಒಂದು ಗಿಡ ಬುಟ್ಬುಡಿ, ಊವಾದ್ರೆ ಎಂಗಿರ್ತದೆ ನೋಡ್ತೀನಿ’ ಎಂದು ಕೇಳಿದ್ದಳು. ಅಪ್ಪ ನಕ್ಕು, ‘ಎಲೆ ನೋಡವ್ವ, ಎಲೆ ಚೆಂದ’ ಎಂದು ಅವಳು ತೋರಿಸಿದ ಗಿಡವನ್ನೇ ಮೊದಲು ಮುರಿದರು.

ಹೋದ ವರ್ಷ ಗುರುಪುರದ ಹತ್ತಿರದ ಟಿಬೆಟನ್ ಕ್ಯಾಂಪಿನಲ್ಲಿ ಅವಳಿಗೆ ಪರಿಚಯದ ಪೆಮಾ ಅಜ್ಜಿ, ಪೆನ್‌ಸ್ಟೆಮನ್ ಎಂಬ ಗಿಡದ ಕಡ್ಡಿಯೊಂದನ್ನು ಬೇರು ಬರಿಸಿ ಕೊಟ್ಟರು. ಅಜ್ಜಿಯ ಫೋನಿನಲ್ಲಿ ಅದರ ಹೂವು ನೋಡಿ ಬಂದವಳು, ‘ಕೊಳವೆ ಕೊಳವೆ ಊವ, ನಮ್ಮೊಲದ ಮೊಗ್ಗಿನ್ ಥರಾನೇ ಅದೆ ಕಣ್ರೀ. ಇದನ್ನಾದ್ರೂ ಕಣ್ತುಂಬ ನೋಡ್ತೀನಿ’ ಎಂದಳು. ಅಜ್ಜಿಯ ಕಟ್ಟಪ್ಪಣೆ ಬೇರೆ: ಬುಡದಲ್ಲಿ ನೀರು ನಿಲ್ಲಬಾರದು, ಗೊಬ್ಬರ ಅತಿಯಾಗಬಾರದು, ಬಿಸಿಲು ಬೇಕು, ಆದರೆ ನಮ್ಮ ಮಧ್ಯಾಹ್ನದ ಬಿಸಿಲು ಬೇಡ. ‘ಇದೇನು ಗಿಡವೋ, ಬೀಗರೋ’ ಎಂದೆ. ಆದರೂ ಮರಳು, ಕಲ್ಲುಚೂರು ಬೆರೆಸಿ ಕುಂಡ ತುಂಬಿಕೊಟ್ಟವನು ನಾನೇ. ಜಯಮ್ಮ ದಿನಾ ಬೆಳಿಗ್ಗೆ ಬೆರಳಿಟ್ಟು ಮಣ್ಣಿನ ಪಸೆ ನೋಡಿ ನೀರು ಹಾಕುತ್ತಿದ್ದಳು. ಕೊನೆಗೂ ಗಿಡ ತುದಿಯಲ್ಲಿ ಮೊಗ್ಗು ತೋರಿಸಿತು.

ಆವತ್ತು ಪಕ್ಕದ ಮನೆಯ ನಂಜಪ್ಪ ಬಂದಿದ್ದ. ಬ್ಯಾರನ್ನಿನ ಬಿಸಿಗೂಡಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸಲು ಈ ಸಲ ಸೌದೆ ಎಲ್ಲಿಂದ ತರುವುದೆಂದು ಮಾತಾಡುತ್ತ ಕುಂಡದ ಪಕ್ಕ ನಿಂತಿದ್ದೆವು. ಅವನು ಹೋದ ಮೇಲೆ ನೋಡಿದರೆ ನನ್ನ ಬೆರಳ ನಡುವೆ ಪೆನ್‌ಸ್ಟೆಮನ್ ಕುಡಿ. ಎಷ್ಟು ಅಚ್ಚುಕಟ್ಟಾಗಿ ಮುರಿದಿದ್ದೆ ಎಂದರೆ, ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಚೊಂಬು ಹಿಡಿದು ಬಂದ ಜಯಮ್ಮ ಅದನ್ನು ನೋಡಿದಳು. ಜಗಳ ಮಾಡಿದ್ದರೆ ಹೇಗಾದರೂ ಗೆಲ್ಲುತ್ತಿದ್ದೆ. ‘ಮಾವನ್ ಮಗ ಅಲ್ವಾ, ಬುಡಿ’ ಎಂದಷ್ಟೇ ಹೇಳಿ ಚೊಂಬಿನ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು ಒಳಗೆ ಹೋದಳು. ಮದುವೆಯಾದಾಗಿನಿಂದ ನನಗೆ ಅಷ್ಟು ಏಟು ಕೊಟ್ಟ ಮಾತು ಇನ್ನೊಂದಿಲ್ಲ.

ಅಲ್ಲಿಂದ ಕುಂಡಕ್ಕೆ ನೀರು ಹಾಕುವ ಕೆಲಸ ನನ್ನದಾಯಿತು. ಸ್ವಲ್ಪ ದಿನಕ್ಕೆ ಎಲೆ ಕಂಕುಳಲ್ಲೆಲ್ಲ ಚಿಗುರು. ನಮ್ಮ ಹೊಲದಲ್ಲಾದರೆ ಅದನ್ನೂ ಕಂಡಲ್ಲಿ ಕೀಳಬೇಕು. ಕೈ ತುರಿಸುತ್ತಿತ್ತು, ಲುಂಗಿಯ ಮಡಿಕೆಯೊಳಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ. ಚಿಗುರೆಲ್ಲ ಕವಲಾಗಿ, ಕವಲಿಗೊಂದು ಗೊನೆ ಮೊಗ್ಗು ಬಂದು, ಒಂದು ಬೆಳಿಗ್ಗೆ ಗಿಡದ ತುಂಬ ಗುಲಾಬಿ ಬಣ್ಣದ ಕೊಳವೆಗಳು. ಜಯಮ್ಮ ಒಲೆಯ ಮೇಲಿನ ಹಾಲನ್ನೂ ಮರೆತು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ನಂಜಪ್ಪನೂ ಬಂದು ನೋಡಿದ. ‘ಏನ್ಲಾ ಮಾಡ್ದೆ, ಇಂಗ್ ಬುಟ್ಟದಲ್ಲ?’

‘ಟೈಮ್ ನೋಡಿ ಕುಡಿ ಮುರೀಬೇಕು ಕಣ್ಲಾ. ಎಲ್ರಿಗೂ ಬರೋ ಕೆಲ್ಸ ಅಲ್ಲ’ ಎಂದೆ.

ಅವನು ಗೇಟು ದಾಟಿದ ಮೇಲೆ ಜಯಮ್ಮ, ‘ಎರಡು ಮಾರು ದೂರ ನಿಂತ್ಕಂಡು, ಕೈ ಕಟ್ಕಂಡು ನೋಡಿ’ ಎಂದಳು. ನಿಂತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೇಷ್ಟ್ರು ಎಷ್ಟು ಗದರಿದರೂ ಬಾರದ ಈ ಪಾಠ ಈಗ ಚೆನ್ನಾಗಿ ಬರುತ್ತದೆ.