ಕೂಲಿಗೆ ಅತ್ತ ಹುಡುಗಿ

ಅಫ್ರಿಯೆಗೆ ಅಳುವೇ ಬರಲೊಲ್ಲದು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಹದಿನಾರರ ಹುಡುಗಿಗೆ ಇದು ಮೊದಲ ಕೆಲಸ. ಕುಮಾಸಿ ಪಟ್ಟಣದಲ್ಲಿ ಶನಿವಾರ ಬಂತೆಂದರೆ ಸಾವಿನ ಮನೆಗಳಿಗೆ ಕೂಲಿಗೆ ಅಳುವವರನ್ನು ಒದಗಿಸುವವಳು ಡೊಕುವಾ ಅತ್ತೆ. ಹುಡುಗಿಗೆ ಸೂತಕದ ಕೆಂಪು ಬಟ್ಟೆ ಉಡಿಸಿ, ಶಾಮಿಯಾನದ ಕೆಳಗೆ ಕೂರಿಸಿ ಅವಳು ಹೇಳಿದ ಪಾಠ ಇಷ್ಟೇ: "ಸತ್ತೋರು ಯಾರೇ ಆಗ್ಲಿ, ನಿನ್ನೋರು ಅಂದ್ಕೊಂಡು ಅಳು. ಕೂಲಿಗೆ ಬಂದೋಳು ಅಂತ ಮಾತ್ರ ಬಾಯಿ ಬಿಡ್ಬೇಡ."

ಉಳಿದವರೆಲ್ಲ ಎದೆ ಬಡಿದುಕೊಳ್ಳುತ್ತಿದ್ದರೆ ಅಫ್ರಿಯೆ ಮದುವೆಗೆ ಬಂದವಳ ಹಾಗೆ ಕೂತಿದ್ದಳು. ಡೊಕುವಾ ಹಿಂದಿನಿಂದ ಬಂದು ಅವಳ ಮುಖಕ್ಕೆ ಹಸಿಮೆಣಸು ತಿಕ್ಕಿದಳು.

ಆಮೇಲೆ ಕೇಳಬೇಕೆ! ಹುಡುಗಿ ನೆಲಕ್ಕೆ ಬಿದ್ದು ಹೊರಳಿದಳು. ಸತ್ತವನನ್ನು ಮಲಗಿಸಿದ್ದ ಹಿತ್ತಾಳೆ ಮಂಚದ ಕಾಲು ಹಿಡಿದು ಚೀರಿದಳು. ಮೂಗು ಊದಿ ಬದನೆಕಾಯಿಯಾಯಿತು.

ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳನ್ನು ತಿವಿದಳು. "ಬಾಡಿಗೆಯೋರು ಹೀಗ್ ಅಳ್ತಾರೇನೇ? ಮಂಚದ ಮೇಲಿರೋನ ಮೂಗು ನೋಡು, ಇವಳದ್ದು ನೋಡು! ಗುಟ್ಟಾಗಿ ಹುಟ್ಟಿದ ಮಗಳೇ ಸರಿ!"

ಮಾತು ಶಾಮಿಯಾನ ದಾಟುವಷ್ಟರಲ್ಲಿ ಸತ್ತವನ ಹೆಂಡತಿ ಎದ್ದು ನಿಂತಿದ್ದಳು. "ನಿಮ್ಮಮ್ಮ ಯಾರೇ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಫ್ರಿಯೆಗೆ. ತನ್ನ ಮಾನ ಹೋದರೆ ಹೋಗಲಿ, ಮೆಕ್ಕೆಜೋಳದ ಕೆಂಕೆ ಕಡುಬು ಬೇಯಿಸಿ ಮಾರಿ ತಲೆಯೆತ್ತಿ ಬದುಕಿದ ಅಮ್ಮನ ಹೆಸರು ಮಣ್ಣುಪಾಲಾಗುತ್ತಿತ್ತು.

"ನಾನು ಕೂಲಿಗೆ ಬಂದೋಳು! ನಮ್ಮಪ್ಪ ಲಾರಿ ಡ್ರೈವರು, ನಾನು ಹುಟ್ಟೋ ಮುಂಚೇನೇ ತೀರ್ಕೊಂಡ್ರು! ಬೇಕಾದ್ರೆ ಡೊಕುವಾ ಅತ್ತೇನ ಕೇಳಿ!"

"ಅಯ್ಯೋ, ಈ ಹುಡುಗೀನ ನಾನು ಕಂಡೇ ಇಲ್ಲ," ಎಂದಳು ಡೊಕುವಾ.

"ಹಾಗಾದ್ರೆ ನಮ್ಮಮ್ಮನ್ನೇ ಕರೆಸಿ!"

ತಾಯಿ ಸೆರ್ವಾ ಸೌಟು ಹಿಡಿದೇ ಮಾರುಕಟ್ಟೆಯಿಂದ ಬಂದಳು. ಯಾರ ಸಾವೆಂದು ಕೇಳುವ ತಾಳ್ಮೆಯೂ ಅವಳಿಗಿರಲಿಲ್ಲ.

"ಇಲ್ಲದ್ದು ಹುಟ್ಟಿಸಿದೋರು ಯಾರು? ಮುಂದೆ ಬನ್ನಿ! ನಾಲಿಗೆ ಕಿತ್ತು..."

ಮಂಚದತ್ತ ತಿರುಗಿದವಳ ಮಾತು ಅಲ್ಲೇ ನಿಂತಿತು. ಸೌಟು ಕೈಜಾರಿತು. ಕುಸಿದು ಕೂತು, ಸತ್ತವನ ಪಾದಕ್ಕೆ ಹಣೆ ಹಚ್ಚಿ, ಡೊಕುವಾಳ ತಂಡದಲ್ಲಿ ಯಾರಿಗೂ ಬಾರದಂಥ ಅಳು ಅತ್ತಳು.

ಅಫ್ರಿಯೆ ನಾಚಿಕೆಯಿಂದ ಯಾರ ಮುಖವನ್ನೂ ನೋಡಲಾರದೆ ತಲೆ ತಗ್ಗಿಸಿದಳು. ಸತ್ತವನ ಕುಲದ ಹಿರಿಯ ಹತ್ತಿರ ಬಂದು ಅವಳ ಬೆನ್ನು ಸವರಿದ.

"ಸಮಾಧಾನ ಮಾಡ್ಕೋ ಮಗಳೇ. ಪಾಪ, ಅವನಿಗೆ ಬೇರೆ ಮಕ್ಕಳೂ ಇಲ್ಲ. ಅಪ್ಪನ ಶವಪೆಟ್ಟಿಗೆ ಮಕ್ಕಳೇ ಕೊಡಿಸ್ಬೇಕು, ನಮ್ಮ ಪದ್ಧತಿ ನಿಂಗೂ ಗೊತ್ತಲ್ಲ. ಬಡಗಿ ಹೊರಗೆ ಕಾಯ್ತಿದ್ದಾನೆ, ಬಾ."